ಕಾಯಂ ಆಗದ ಇಂಜಿನಿಯರಿಗೆ ಊರೆಲ್ಲ ಹೇಳಿದ ಬುದ್ಧಿ

ಕರೆಂಟ್ ಆಫೀಸಿನಲ್ಲಿ ಮೂವತ್ತು ವರ್ಷ ಸವೆದವನಿಗೆ ನಗುವ ಪ್ರಸಂಗಗಳ ಬರ ಎಲ್ಲಿಂದ ಬರಬೇಕು ಹೇಳಿ. ಕರೆಂಟಾದರೂ ಆಗಾಗ ಕೈ ಕೊಡುತ್ತಿತ್ತು, ಇವು ಒಂದು ದಿನವೂ ಕೈ ಕೊಟ್ಟಿದ್ದಿಲ್ಲ. ಅದರಲ್ಲೂ ನನ್ನ ಮೊದಲ ಎರಡು ವರ್ಷ ಇದೆಯಲ್ಲ, ಅದನ್ನು ನೆನೆದರೆ ಈಗಲೂ ಒಬ್ಬನೇ ಕೂತು ನಗುತ್ತೇನೆ. ಆಗ ಮಾತ್ರ ಒಂದಕ್ಕೂ ನಗು ಬಂದಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಚಿತ್ರದುರ್ಗದ ಹುಡುಗ ನಾನು, ಡಿಪ್ಲೊಮಾ ಮುಗಿಸಿ ಜೂನಿಯರ್ ಇಂಜಿನಿಯರ್ ಅಂತ ಹಿರಿಯೂರಿಗೆ ಬಂದೆ. ಹಳ್ಳಿಹಳ್ಳಿಗೆ ಲೈನು ಎಳೆಯುವ ಕಾಲ ಅದು. ಎರಡು ವರ್ಷ ಪ್ರೊಬೇಷನ್. ಅದು ಮುಗಿದ ಮೇಲೆ ದುರ್ಗದಲ್ಲಿ ಕೂತ ಎಕ್ಸಿಕ್ಯೂಟಿವ್ ಇಂಜಿನಿಯರ್ ಸಾಹೇಬರು, ಅಂದರೆ ನಮ್ಮ ಬಾಯಲ್ಲಿ ದೊಡ್ಡ ಸಾಹೇಬರು, ಒಂದು ವರದಿ ಬರೆಯಬೇಕು. ಒಳ್ಳೆಯದು ಬರೆದರೆ ಕಾಯಂ. ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ಮನೆಗೆ.

ಮನೆಗೆ ಹೋಗುವುದಾದರೆ ಹೋಗಬಹುದಿತ್ತು, ಆದರೆ ಅಷ್ಟರಲ್ಲಿ ಹೊಸದುರ್ಗದಲ್ಲಿ ಹೆಣ್ಣು ನೋಡಿ ಬಂದಿದ್ದೆ. ಉಪ್ಪಿಟ್ಟಿನ ತಟ್ಟೆ ಕೊಡುವಾಗ ನಾನು ಗಡಿಬಿಡಿಯಲ್ಲಿ ಚಮಚ ಬೀಳಿಸಿದ್ದನ್ನು ನೋಡಿ ಆ ಹುಡುಗಿ ತುಟಿಯಂಚಿನಲ್ಲಿ ನಕ್ಕಳು. ನಾನು ಅಲ್ಲೇ ಬಿದ್ದೆ. ಅವಳಪ್ಪ ಕೊಬ್ಬರಿ ವ್ಯಾಪಾರಿ, ಒಡೆಯದೆ ಕಾಯಿಯ ಒಳಗು ಹೇಳುವ ಆಸಾಮಿ. ಅವರದು ಒಂದೇ ಮಾತು: ಕಾಯಂ ಆದ ಆರ್ಡರ್ ತೋರಿಸಿ, ಲಗ್ನಪತ್ರಿಕೆ ಬರೆಸೋಣ. ಎರಡು ವರ್ಷ, ಪ್ರೊಬೇಷನ್ ಮುಗಿಯೋ ಮಾಘದ ತನಕ ಕಾಯ್ತೀನಿ, ಆಮೇಲೆ ಇನ್ನೊಂದು ಸಂಬಂಧ ಇದೆ, ಹುಡುಗ ಈಗಾಗಲೇ ಕಾಯಂ ಅಂದುಬಿಟ್ಟರು. ಆ ಕಾಯಂ ಹುಡುಗನ ಮುಖ ನಾನು ಇವತ್ತಿಗೂ ನೋಡಿಲ್ಲ, ಆದರೆ ಎರಡು ವರ್ಷ ದಿನಾ ಅವನನ್ನು ಬೈದುಕೊಂಡಿದ್ದೇನೆ.

ಹೀಗೆ ನೌಕರಿ, ಮದುವೆ ಎರಡೂ ಒಂದೇ ಕಾಗದಕ್ಕೆ ಜೋತುಬಿದ್ದಿದ್ದವು. ಇದು ಗೊತ್ತಾದ ಮೇಲೆ ಸಿಕ್ಕಸಿಕ್ಕವರೆಲ್ಲ ನನಗೆ ಬುದ್ಧಿ ಹೇಳತೊಡಗಿದರು. ಆಫೀಸರ್ ಆದವನು ಹೇಗೆ ಕೂರಬೇಕು, ಹೇಗೆ ನಿಲ್ಲಬೇಕು, ಆಳುಗಳನ್ನು ಹೇಗೆ ನಡೆಸಬೇಕು, ಮೇಲಕ್ಕೆ ಹೇಗೆ ಹೋಗಬೇಕು. ನಾನು ಒಂದನ್ನೂ ಬಿಡದೆ ಪಾಲಿಸಿದೆ. ಎಡವಟ್ಟಾಗಿದ್ದೆಲ್ಲ ಅದರಿಂದಲೇ.

೧. ಬೆರಳು ತೋರಿಸಿದ್ದು

ನನಗೆ ಚಾರ್ಜು ಒಪ್ಪಿಸಿ ಹೋದ ಹಿಂದಿನ ಇಂಜಿನಿಯರು ಬಸ್ ಹತ್ತುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದರು. ನೋಡಿ, ನಿಮಗೆ ವಯಸ್ಸು ಇಪ್ಪತ್ಮೂರು, ನಿಮ್ಮ ಕೈಕೆಳಗಿನ ಲೈನ್ ಮೇಸ್ತ್ರಿಗೆ ಐವತ್ತೈದರ ಮೇಲೆ. ನಿಮಗೆ ಗೊತ್ತಿಲ್ಲ ಅಂತ ಒಂದು ಸಲ ಗೊತ್ತಾದರೆ ಮುಗಿಯಿತು, ತಲೆ ಮೇಲೆ ಕೂರುತ್ತಾರೆ. ಯಾವತ್ತೂ ಯಾರನ್ನೂ ಏನೂ ಕೇಳಬೇಡಿ, ಬರೀ ಹೇಳಿ ಅಂದರು. ಬಸ್ಸು ಹೊರಟಿತು.

ಮೇಸ್ತ್ರಿ ಹೊಳಲ್ಕೆರೆ ಕಡೆಯವರು. ಬಿಳಿ ಮೀಸೆ, ಖಾಕಿ ಅಂಗಿ, ಮಾತು ಕಮ್ಮಿ. ಮರುದಿನವೇ ಬಬ್ಬೂರಿನಿಂದಾಚೆ ಒಂದು ಹಳ್ಳಿಗೆ ಹೋದೆವು. ಹೊಸ ಲೈನು, ಕಂಬ ನೆಡುವ ಜಾಗ ಗುರುತಿಸಬೇಕು. ನಾನು ನಕ್ಷೆ ಬಿಚ್ಚಿ, ಹುಬ್ಬು ಗಂಟಿಕ್ಕಿ, ಎರಡು ಹೆಜ್ಜೆ ಆ ಕಡೆ ಎರಡು ಹೆಜ್ಜೆ ಈ ಕಡೆ ನಡೆದು, ಇಲ್ಲಿ ಅಂತ ಬೆರಳು ತೋರಿಸಿದೆ. ಮೇಸ್ತ್ರಿ ನನ್ನ ಮುಖ ನೋಡಿದರು, ನೆಲ ನೋಡಿದರು, ಆಯ್ತು ಸಾರ್ ಅಂದರು. ಹಿಂಗೇ ಆರು ಕಡೆ ಬೆರಳು ತೋರಿಸಿ, ಗತ್ತಿನಿಂದ ಸೈಕಲ್ ಹತ್ತಿ ವಾಪಸ್ ಬಂದೆ.

ಎರಡು ದಿನ ಬಿಟ್ಟು ಹೋಗಿ ನೋಡಿದರೆ ಮೂರನೇ ಕಂಬ ಒಂದು ಮನೆಯ ತಲಬಾಗಿಲಿಗೆ ನೇರ ಎದುರಿಗೆ, ಒಂದೂವರೆ ಮೊಳ ದೂರದಲ್ಲಿ ನಿಂತಿದೆ. ಮನೆಯವರಾಗಲೇ ಅದಕ್ಕೆ ಎಮ್ಮೆ ಕಟ್ಟಿದ್ದಾರೆ. ಎಮ್ಮೆ ಹೊಸಲಿಗೆ ಅಡ್ಡಲಾಗಿ ನಿಂತು ಮೆಲುಕು ಹಾಕುತ್ತಿದೆ. ಮನೆ ಯಜಮಾನರು ಒಳಗಿನಿಂದ, ಎಮ್ಮೆಯ ಬೆನ್ನ ಮೇಲಿಂದ ಮುಖ ತೋರಿಸಿ ಬಹಳ ಮರ್ಯಾದೆಯಿಂದ ಕೇಳಿದರು: "ಎಮ್ಮೆ ಕಟ್ಟಾಕೆ ಭಾಳ ಅನುಕೂಲ ಆತು ಸ್ವಾಮಿ. ನಾವು ಹೊರಗೆ ಬರಾದೆಂಗೆ ಅಂತ ಒಂದೀಟು ಹೇಳ್ರಿ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೇಸ್ತ್ರಿಯನ್ನು ಮರೆಗೆ ಕರೆದು, ಇದು ಹೀಗಾಗುತ್ತೆ ಅಂತ ನಿಮಗೆ ಗೊತ್ತಿರಲಿಲ್ಲವೇ ಅಂತ ರೇಗಿದೆ. ಗೊತ್ತಿತ್ತು, ನೀವು ನಕ್ಷೆ ತಲೆಕೆಳಗಾಗಿ ಹಿಡಿದಿದ್ದು ಆಗಲೇ ಕಂಡೆ ಅಂದರು. ಮತ್ತೆ ಯಾಕಯ್ಯಾ ಹೇಳಲಿಲ್ಲ ಅಂದೆ.

"ಹೊಸ ಸಾಹೇಬ್ರು, ಮೊದಲ್ನೇ ದಿನ, ಊರ ಜನ ಎಲ್ಲಾ ನಿಂತವ್ರೆ. ನಿಮ್ಮ ಮರ್ಯಾದಿ ಹೋಗಬಾರ್ದು ಅಂತ ಗುಂಡಿ ತೋಡಿಬಿಟ್ವಿ ಸಾರ್."

೨. ಮೇಲೆ ಹೋದವನು

ತಿಂಗಳಿಗೊಮ್ಮೆ ದುರ್ಗದಲ್ಲಿ ಮೀಟಿಂಗು. ದೊಡ್ಡ ಸಾಹೇಬರು ಮೈಸೂರು ಕಡೆಯವರು, ಅಚ್ಚುಕಟ್ಟು ಮನುಷ್ಯ, ಬುದ್ಧಿ ಹೇಳುವುದರಲ್ಲಿ ಎತ್ತಿದ ಕೈ. ಒಂದು ಸಲ ನಾಯಕತ್ವದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ತಾನು ಮಾಡಲಾಗದ ಕೆಲಸವನ್ನು ಆಳಿಗೆ ಹೇಳುವವನು ಇಂಜಿನಿಯರೇ ಅಲ್ಲ, ನಿಮ್ಮಲ್ಲಿ ಎಷ್ಟು ಜನ ಕಂಬ ಹತ್ತಿದ್ದೀರಿ, ಕೈ ಎತ್ತಿ ಅಂದರು. ನಮ್ಮಲ್ಲಿ ಯಾರ ಕೈಯೂ ಏಳಲಿಲ್ಲ. ಸಾಹೇಬರ ಕಣ್ಣು ನನ್ನ ಮೇಲೆ ಒಂದು ಗಳಿಗೆ ಹೆಚ್ಚೇ ನಿಂತಿತು ಅಂತ ನನಗನ್ನಿಸಿತು. ಪ್ರೊಬೇಷನ್‌ನಲ್ಲಿ ಇರುವವನಿಗೆ ಹಾಗೆ ಅನ್ನಿಸುವುದು ಸಹಜ.

ಮರುದಿನ ಒಂದು ಹಳ್ಳಿಯಲ್ಲಿ ಹೊಸ ಲೈನಿನ ಕೊನೆಯ ಕಂಬದ ಕೆಲಸ ನಡೀತಿತ್ತು. ಕರೆಂಟ್ ಇನ್ನೂ ಬಿಟ್ಟಿರಲಿಲ್ಲ, ಅದೊಂದು ಪುಣ್ಯ. ನಾನು ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಏಣಿ ಹಿಡಿದೆ. ಮೇಸ್ತ್ರಿ, ಬ್ಯಾಡ ಸಾರ್ ಅಂದರು. ನಾನು ಕೇಳಲಿಲ್ಲ. ಏಣಿ ಮುಗಿದ ಮೇಲೆ ತಂತಿ ಹೊರುವ ಕಬ್ಬಿಣದ ಅಡ್ಡಪಟ್ಟಿ ಹಿಡಿದು ಮೇಲೆಳೆದುಕೊಂಡು ಅದರ ಮೇಲೆ ಕೂತೆ. ಕೆಳಗಿದ್ದ ಜನ ಚಪ್ಪಾಳೆ ತಟ್ಟಿದರು. ದೂರದಲ್ಲಿ ಹೊಳೆ, ಹೊಲ, ಕಬ್ಬಿನ ಗದ್ದೆ ಎಲ್ಲ ಚೆನ್ನಾಗಿ ಕಂಡವು. ಆಮೇಲೆ ಕೆಳಗೆ ನೋಡಿದೆ.

ಅಲ್ಲಿಗೆ ಮುಗಿಯಿತು ನನ್ನ ಕಥೆ. ಏಣಿಯ ಮೆಟ್ಟಿಲು ಕಾಲಿಗೆ ಸಿಗಲೊಲ್ಲದು, ಕೈ ಕಂಬ ಬಿಡಲೊಲ್ಲದು. ನಾನು ಕಂಬ ತಬ್ಬಿಕೊಂಡು ಕಣ್ಣು ಮುಚ್ಚಿ ಮನೆದೇವರನ್ನು ನೆನೆಯುತ್ತಾ ಕೂತೆ.

ಕಾಲು ಗಂಟೆಯಾದರೂ ಸಾಹೇಬ್ರು ಯಾಕೆ ಇಳಿಯಲಿಲ್ಲ ಅಂತ ಊರವರು ಗುಸುಗುಸು ಶುರು ಮಾಡಿದರು. ಮೇಸ್ತ್ರಿಗೆ ಒಂದೇ ನೋಟದಲ್ಲಿ ಎಲ್ಲ ತಿಳಿಯಿತು. ಜನದ ಕಡೆ ತಿರುಗಿ, ಸಾಹೇಬ್ರು ತಂತಿ ಕಟ್ಟೋ ಪಿಂಗಾಣಿ ಪರೀಕ್ಷೆ ಮಾಡ್ತಾವ್ರೆ, ಇದು ಹೊತ್ತು ಹಿಡಿಯೋ ಕೆಲಸ, ಮಾತಾಡಿಸಬ್ಯಾಡ್ರಿ ಅಂದರು. ಹಿಡಿಯಿತು ನೋಡಿ ಹೊತ್ತು. ಹಗ್ಗ ತಂದು, ಒಬ್ಬ ಲೈನ್‌ಮನ್ನನ್ನು ಮೇಲೆ ಕಳಿಸಿ, ನನ್ನ ಸೊಂಟಕ್ಕೆ ಕಟ್ಟಿಸಿದರು. ಆ ಲೈನ್‌ಮನ್ ನನ್ನ ಒಂದೊಂದೇ ಕಾಲನ್ನು ಹಿಡಿದು ಮೆಟ್ಟಿಲ ಮೇಲೆ ಇಡುವುದು, ಇಟ್ಟಾಗಲೆಲ್ಲ ಜನಕ್ಕೆ ಕೇಳುವ ಹಾಗೆ ಒಂದು, ಎರಡು, ಮೂರು ಅಂತ ಲೆಕ್ಕ ಹೇಳುವುದು. ನಾನು ಕಣ್ಣು ಮುಚ್ಚಿಕೊಂಡೇ, ಸರಿ ಇದೆ, ಸರಿ ಇದೆ ಅನ್ನುವುದು. ಒಟ್ಟು ಒಂದೂವರೆ ಗಂಟೆ.

ಹದಿನೈದು ದಿನಕ್ಕೆ ಪಕ್ಕದೂರಿನವರು ದುರ್ಗಕ್ಕೆ ಅರ್ಜಿ ಹಾಕಿದರು. ಆ ಊರಿನ ಕಂಬದ ಮೇಲೆ ಇಂಜಿನಿಯರ್ ಸಾಹೇಬರು ಖುದ್ದು ಒಂದೂವರೆ ಗಂಟೆ ಕುಳಿತು ಪರೀಕ್ಷೆ ಮಾಡಿರುತ್ತಾರೆ, ನಮ್ಮ ಊರಿಗೆ ಮಾತ್ರ ಈ ಮಲತಾಯಿ ಧೋರಣೆ ಏಕೆ, ನಮ್ಮ ಕಂಬದ ಮೇಲೂ ಒಂದೂವರೆ ಗಂಟೆಗೆ ಕಡಿಮೆ ಇಲ್ಲದಂತೆ ಕೂರಿಸಿಕೊಡಬೇಕು ಅಂತ ಪ್ರಾರ್ಥನೆ. ದೊಡ್ಡ ಸಾಹೇಬರು ಅದನ್ನು ಮೀಟಿಂಗಿನಲ್ಲಿ ಗಟ್ಟಿಯಾಗಿ ಓದಿ, ನನ್ನನ್ನು ಎಬ್ಬಿಸಿ ನಿಲ್ಲಿಸಿ, ಇಂಥವರು ಬೇಕು ಇಲಾಖೆಗೆ ಅಂದರು. ನನ್ನ ಎದೆ ಉಬ್ಬಿತು. ಅದರ ಹಿಂದೆಯೇ ಒಂದು ಮೆಮೊ ಬಂತು. ಇನ್ನು ಮುಂದೆ ಹಿರಿಯೂರು ಸೆಕ್ಷನ್ನಿನ ಪ್ರತಿ ಹೊಸ ಲೈನನ್ನೂ ಇದೇ ಕ್ರಮದಲ್ಲಿ ಪರೀಕ್ಷಿಸತಕ್ಕದ್ದು.

ಮೆಮೊ ಹಿಡಿದು ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಮೇಸ್ತ್ರಿ ಓದಿಸಿಕೊಂಡು ಕೇಳಿ, ಮೀಸೆ ಸವರಿ ಅಂದರು: "ಒಂದು ಕೆಲಸ ಮಾಡಾಣ ಸಾರ್. ಇನ್ನೊಂದು ಏಣಿ ತರ್ಸಾಣ. ಹತ್ತಾಕೆ ಬ್ಯಾರೆ, ಇಳಿಯಾಕೆ ಬ್ಯಾರೆ."

೩. ಕೊಬ್ಬರಿ ವ್ಯಾಪಾರಿಯ ತಪಾಸಣೆ

ಭಾವಿ ಮಾವನವರು ಹೇಳದೆ ಕೇಳದೆ ಒಂದು ದಿನ ಆಫೀಸಿಗೆ ಬಂದುಬಿಟ್ಟರು. ಹಿರಿಯೂರಿಗೆ ಬೇರೆ ಕೆಲಸ ಇತ್ತು, ಹಿಂಗೇ ನೋಡಿಕೊಂಡು ಹೋಗಾಣ ಅಂತ ಬಂದೆ ಅಂದರು. ಬೇರೆ ಕೆಲಸ ಏನೂ ಇರಲಿಲ್ಲ ಅಂತ ಎಷ್ಟೋ ಕಾಲದ ಮೇಲೆ ಅವರ ಮಗಳೇ ಹೇಳಿದಳು. ಹುಡುಗನ ದರ್ಬಾರು ಹೆಂಗಿದೆ ಅಂತ ಕಣ್ಣಾರೆ ನೋಡುವುದು ಅವರ ಉದ್ದೇಶ.

ನಮ್ಮ ಆಫೀಸಿನ ಗುಮಾಸ್ತರು ಅನುಭವಸ್ಥರು. ವಿಷಯ ತಿಳಿದ ತಕ್ಷಣ ಹೊರಗೆ ಹೋಗಿ ಎಲ್ಲರಿಗೂ ತಾಕೀತು ಮಾಡಿ ಬಂದರು. ಯಾವತ್ತೂ ನನ್ನ ಮೇಜಿನ ತುದಿಗೆ ಕೂತು ಬೀಡಿ ಹಚ್ಚುತ್ತಿದ್ದ ಲೈನ್‌ಮನ್ನುಗಳು ಬಾಗಿಲಲ್ಲಿ ನಿಂತು ಸಲ್ಯೂಟ್ ಹೊಡೆದರು. ಮೇಸ್ತ್ರಿ ಕೈಕಟ್ಟಿ ನಿಂತರು. ಗುಮಾಸ್ತರು ಎರಡು ನಿಮಿಷಕ್ಕೊಮ್ಮೆ ಒಂದು ಫೈಲು ತಂದು ತಲೆ ಬಗ್ಗಿಸಿ ಸಹಿ ಮಾಡಿಸಿಕೊಂಡರು. ಒಂದೇ ಫೈಲು ನಾಲ್ಕು ಸಲ ಬಂತು. ಮಾವನವರ ಮುಖದಲ್ಲಿ ಮೆಚ್ಚುಗೆ ಕಂಡಿತು. ನಾನೂ ಕುರ್ಚಿಗೆ ಒರಗಿ ಕೂತೆ.

ಅಷ್ಟರಲ್ಲಿ ಜವನಗೊಂಡನಹಳ್ಳಿ ಕಡೆಯ ಒಬ್ಬ ರೈತ ಒಳಗೆ ನುಗ್ಗಿದ. ಅವನಿಗೆ ತಾಕೀತು ಮಾಡಿದವರು ಯಾರೂ ಇರಲಿಲ್ಲ. ಮೂರನೇ ಸಲ ಮೋಟ್ರು ಸುಟ್ಟಿತ್ತು, ಬೆಳೆ ಬಾಡುತ್ತಿತ್ತು, ಅವನ ಹೊಟ್ಟೆ ಉರಿಯುವುದರಲ್ಲಿ ತಪ್ಪೇನಿತ್ತು. ನನ್ನಿಂದ ಶುರು ಮಾಡಿ ನನ್ನ ಓದು, ನನ್ನ ಇಲಾಖೆ, ನನಗೆ ಕೆಲಸ ಕೊಟ್ಟವರು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೈದ. ತೆಲುಗಿನಲ್ಲಿ ಒಂದು ಸುತ್ತು, ಕನ್ನಡದಲ್ಲಿ ಒಂದು ಸುತ್ತು. ಗುಮಾಸ್ತರು ಕಣ್ಣಲ್ಲೇ ಸನ್ನೆ ಮಾಡಿದರು, ಅವನು ಕಣ್ಣು ನೋಡುವ ಸ್ಥಿತಿಯಲ್ಲಿರಲಿಲ್ಲ. ಅವನು ಉಸಿರು ತೆಗೆದುಕೊಳ್ಳಲು ನಿಂತಾಗ ನೀರು ಕೊಟ್ಟೆ. ಮತ್ತೆ ಬೈದ. ಕಾಫಿ ತರಿಸಿದೆ. ಕುಡಿದು, ಸ್ವಲ್ಪ ತಗ್ಗಿದ ದನಿಯಲ್ಲಿ ಉಳಿದದ್ದನ್ನೂ ಬೈದ. ನಾಳೆ ಬೆಳಿಗ್ಗೆ ನಾನೇ ಬಂದು ನೋಡ್ತೀನಿ ಅಂದೆ. ಬರದಿದ್ರೆ ಐತೆ ನಿಂಗೆ ಅಂದು ಹೋದ.

ನನ್ನ ಸಂಬಂಧ ಅಲ್ಲಿಗೆ ಕಡಿಯಿತು ಅಂದುಕೊಂಡೆ. ಕಾಯಂ ಹುಡುಗನನ್ನು ಇಷ್ಟೊತ್ತಿಗೆ ಯಾರು ಬೈಯುತ್ತಿದ್ದರು? ಮಾವನವರು ಎದ್ದು, ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡು, ಮೇಸ್ತ್ರಿಯನ್ನು ಬಾಗಿಲಾಚೆ ಕರೆದು, ಹುಡುಗ ಯಾವಾಗಲೂ ಹಿಂಗೇನಾ ಅಂತ ಕೇಳಿದರಂತೆ. ಮೇಸ್ತ್ರಿ ಸುಳ್ಳು ಹೇಳುವವರಲ್ಲ, ಹೌದು ಅಂದರಂತೆ.

"ಹಂಗಾದ್ರೆ ನಮ್ಮ ಹುಡುಗಿ ಜೊತೆ ಬಾಳ್ತಾನೆ ಬಿಡು. ಆರ್ಡರ್ ಒಂದು ಬೇಗ ತರಾಕೆ ಹೇಳು."

೪. ಗುಮಾಸ್ತರ ಮಂತ್ರ

ಇಷ್ಟಾದ ಮೇಲೆ ಗುಮಾಸ್ತರಿಗೆ ನನ್ನ ಮೇಲೆ ಕನಿಕರ ಬಂತು. ಸಂಜೆ ಬಾಗಿಲು ಮುಂದಕ್ಕೆ ಮಾಡಿ, ಗುಟ್ಟು ಹೇಳುವವರ ಹಾಗೆ ಹೇಳಿದರು. ಸಾರ್, ನಾನು ಹನ್ನೊಂದು ಜನ ಇಂಜಿನಿಯರುಗಳನ್ನು ಕಂಡಿದ್ದೀನಿ. ಕೆಟ್ಟವರೆಲ್ಲ ಫೈಲಿನ ಮೇಲೆ ಏನಾದರೂ ಬರೆದವರೇ. ಆಗಲಿ ಅಂತ ಬರೆದರೆ ಒಂದು ತಪ್ಪು, ಬೇಡ ಅಂತ ಬರೆದರೆ ಇನ್ನೊಂದು ತಪ್ಪು. ಕಾಯಂ ಆಗೋ ತನಕ ನೀವು ಒಂದೇ ಪದ ಬರೀರಿ: ಮಾತನಾಡಿ. ಫೈಲು ಕಳಿಸಿದವನು ಬಂದು ಮಾತಾಡ್ತಾನೆ, ಬಾಯಲ್ಲಿ ಆಡಿದ್ದಕ್ಕೆ ಸಾಕ್ಷಿ ಇರಲ್ಲ.

ಎಂಥ ಮಂತ್ರ! ನಾನು ಆ ಕ್ಷಣದಿಂದ ಶುರು ಹಚ್ಚಿಕೊಂಡೆ. ಕಂಬ ಬೇಕು ಅಂತ ಬಂದ ಕಾಗದಕ್ಕೆ ಮಾತನಾಡಿ. ತಂತಿ ಸಾಲದು ಅಂತ ಬಂದದ್ದಕ್ಕೆ ಮಾತನಾಡಿ. ಮೇಸ್ತ್ರಿ ತಂಗಿ ಮಗಳ ಮದುವೆಗೆ ಎರಡು ದಿನ ರಜೆ ಕೇಳಿದ ಚೀಟಿಗೂ ಮಾತನಾಡಿ ಅಂತ ಬರೆದೆ. ಅವರು ಎದುರಿಗೇ ನಿಂತಿದ್ದರು. ಏನು ಮಾತಾಡ್ಲಿ ಸಾರ್ ಅಂತ ಕೇಳಿದರು. ಮದುವೆ ಹುಡುಗ ಏನು ಮಾಡ್ತಾನೆ ಅಂತ ಕೇಳಿ ರಜೆ ಕೊಟ್ಟೆ.

ಒಂದು ತಿಂಗಳು ಸುಖವಾಗಿತ್ತು. ಕೈ ಎಷ್ಟು ಪಳಗಿತು ಅಂದರೆ ಕಾಗದ ಓದುವ ಮೊದಲೇ ಬರೆದಾಗಿರುತ್ತಿತ್ತು. ಹೀಗಿರುವಾಗ ಒಂದು ಮಧ್ಯಾಹ್ನ ದುರ್ಗದಿಂದ ಟ್ರಂಕ್ ಕಾಲ್. ದೊಡ್ಡ ಸಾಹೇಬರೇ ಲೈನಿನಲ್ಲಿ. ನಾನು ಎದ್ದು ನಿಂತೆ. ಫೋನಿನಲ್ಲಿ ಸಾಹೇಬರಿಗೆ ಕಾಣುವುದಿಲ್ಲ ಅಂತ ಗೊತ್ತಿದ್ದರೂ ಅಂಗಿಯ ಗುಂಡಿ ಹಾಕಿಕೊಂಡೆ. ನಮಸ್ಕಾರ ಸಾರ್ ಅಂದೆ. ಆಗ ಬಹಳ ತಣ್ಣಗಿನ ದನಿಯಲ್ಲಿ ಅಂದರು:

"ನಿಮ್ಮ ಪ್ರೊಬೇಷನ್ ವಿಚಾರವಾಗಿ ನಾನೊಂದು ಪತ್ರ ಕಳಿಸಿದ್ದೆ. ಅದರ ಮೇಲೆ ಮಾತನಾಡಿ ಅಂತ ಬರೆದು ಸಹಿ ಹಾಕಿ ನನಗೇ ವಾಪಸ್ ಕಳಿಸಿದ್ದೀರಿ. ನಿಮ್ಮ ಅಪ್ಪಣೆ ಆಯ್ತಲ್ಲ, ಅದಕ್ಕೇ ಮಾತಾಡ್ತಾ ಇದ್ದೀನಿ."

೫. ಫ್ಯೂಸು

ಫೋನಿನಲ್ಲಿ ನಾನು ಏನು ಹೇಳಿದೆನೋ ನೆನಪಿಲ್ಲ. ಸಾಹೇಬರು ಕೊನೆಗೆ, ಬರುವ ತಿಂಗಳು ನಿಮ್ಮ ಸೆಕ್ಷನ್ನಿನ ಹೊಸ ಲೈನಿನ ಹಳ್ಳಿಗೆ ದೀಪ ಹೊತ್ತಿಸಲು ಬರ್ತೀನಿ, ವರದಿ ಅಲ್ಲೇ ಬರೀತೀನಿ, ಆ ಕೆಲಸವಾದರೂ ನೆಟ್ಟಗಿರಲಿ ಅಂತ ಹೇಳಿ ಫೋನ್ ಇಟ್ಟರು. ಆ ಹಳ್ಳಿ ಜವನಗೊಂಡನಹಳ್ಳಿಯಿಂದ ಒಳಗೆ, ಗಾಡಿ ದಾರಿಯಲ್ಲಿ. ಎಂಟು ತಿಂಗಳಿಂದ ಲೈನಿನ ಕೆಲಸ ನಡೆದಿತ್ತು. ಮಾಘಕ್ಕೆ ಇನ್ನು ಎರಡೇ ತಿಂಗಳು. ದೊಡ್ಡ ಸಾಹೇಬರು ಬರುತ್ತಾರೆ ಅಂತ ಅದು ಹೇಗೋ ತಿಳಿದು ಹೊಸದುರ್ಗದಿಂದ ಮಾವನವರೂ ಬಂದಿಳಿದರು. ಒಳ್ಳೇದಾತು, ಅವರನ್ನೇ ಕೇಳಿಬಿಡಾಣ ಅಂದರು. ನನಗೆ ತೀರ್ಪು ಹೇಳುವ ಇಬ್ಬರೂ ಒಂದೇ ಚಪ್ಪರದ ಕೆಳಗೆ.

ನಮ್ಮ ಮೇಸ್ತ್ರಿಯದು ಒಂದು ನೇಮ ಇತ್ತು. ಯಾರು ಕಂಬ ಹತ್ತುತ್ತಾರೋ ಅವರೇ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಮೂರೂ ಫ್ಯೂಸು ಕಿತ್ತು ಸ್ವಂತ ಜೇಬಿಗೆ ಹಾಕಿಕೊಂಡು ಹತ್ತಬೇಕು. ಮೇಲಿರುವವನ ಜೀವ ಅವನ ಜೇಬಿನಲ್ಲೇ ಇರಬೇಕು, ಕೆಳಗಿರುವವರ ಕೈಗೆ ಕೊಡಬಾರದು ಅನ್ನುವುದು ಅವರ ಮಾತು. ಕಿತ್ತವರೇ ವಾಪಸ್ ಹಾಕಬೇಕು, ಬೇರೆಯವರು ಮುಟ್ಟುವ ಹಾಗಿಲ್ಲ. ಆ ಒಂದು ನೇಮದಿಂದಲೇ ಅವರ ಸರ್ವೀಸಿನಲ್ಲಿ ಒಬ್ಬನಿಗೂ ಶಾಕ್ ಹೊಡೆದಿರಲಿಲ್ಲ.

ಸಮಾರಂಭದ ಸಂಜೆ, ಸಾಹೇಬರ ಜೀಪು ಬರುವ ಹೊತ್ತಿಗೆ, ಊರ ಮುಂದಿನ ಕಂಬದಲ್ಲಿ ಒಂದು ತಂತಿ ಸಡಿಲ ಕಂಡಿತು. ಮೇಸ್ತ್ರಿ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ತಾವೇ ಹತ್ತಿ ಬಿಗಿ ಮಾಡಿ ಇಳಿದರು. ಇಳಿದರೋ ಇಲ್ಲವೋ, ಊರವರು ಡೊಳ್ಳು ಬಡಿಯುತ್ತಾ ಬಂದು ಅವರನ್ನು ಅನಾಮತ್ತಾಗಿ ಎತ್ತಿಕೊಂಡು ಹೋದರು. ಎಂಟು ತಿಂಗಳು ಅವರ ಮನೆಗಳಲ್ಲಿ ಮುದ್ದೆ ಉಂಡು ಕಂಬ ನೆಟ್ಟವರು ಮೇಸ್ತ್ರಿ. ಊರಿಗೆ ಕರೆಂಟ್ ತಂದ ದೊಡ್ಡ ಇಂಜಿನಿಯರು ಅವರೇ ಅಂತ ಆ ಜನರ ತಿಳುವಳಿಕೆ. ಪೇಟ ಸುತ್ತಿ, ಶಾಲು ಹೊದಿಸಿ, ಕುತ್ತಿಗೆ ಕಾಣದ ಹಾಗೆ ಸೇವಂತಿಗೆ ಹಾರ ಹಾಕಿ ವೇದಿಕೆಯ ಮೇಲೆ ಕೂರಿಸಿದರು. ವೇದಿಕೆಯಲ್ಲಿ ಇದ್ದದ್ದು ಮೂರು ಕುರ್ಚಿ: ಪಂಚಾಯ್ತಿ ಛೇರ್ಮನ್ನರಿಗೊಂದು, ದೊಡ್ಡ ಸಾಹೇಬರಿಗೊಂದು, ಮೇಸ್ತ್ರಿಗೊಂದು. ನನಗೆ ಕುರ್ಚಿ ಇಲ್ಲ. ಕಂಬಕ್ಕೆ ಒರಗಿ ನಿಂತೆ.

ಸಾಹೇಬರು ಬ್ಯಾಟರಿ ಮೈಕಿನಲ್ಲಿ ಒಂದು ಗಂಟೆ ಮಾತಾಡಿದರು. ಮುಂದಾಳು ಅಂದರೆ ದೀಪ ಇದ್ದ ಹಾಗೆ, ತಾನು ಬೆಳಗಿ ಉಳಿದವರಿಗೆ ದಾರಿ ತೋರಬೇಕು ಅಂದರು. ಕತ್ತಲಾಗುತ್ತಿತ್ತು. ಕೊನೆಗೆ, ಇಗೋ ಬೆಳಕು ಅಂತ ಹೇಳಿ ವೇದಿಕೆಗೆ ಎಳೆದು ತಂದಿದ್ದ ಮೇನ್ ಸ್ವಿಚ್ಚಿನ ಹಿಡಿ ಮೇಲೆತ್ತಿದರು.

ಏನೂ ಆಗಲಿಲ್ಲ. ಇಳಿಸಿ ಮತ್ತೆ ಎತ್ತಿದರು. ಡೊಳ್ಳು ನಿಂತಿತು. ನಾನು ಮೇಸ್ತ್ರಿಯ ಕಡೆ ನೋಡಿದೆ. ಅವರ ಕೈ ನಿಧಾನವಾಗಿ ಎದೆಗೆ ಹೋಯಿತು. ಶಾಲು, ಹಾರ, ಅದರ ಕೆಳಗೆ ಖಾಕಿ ಅಂಗಿ, ಅಂಗಿಗೆ ಜೇಬು. ಅವರ ಮುಖದ ಬಣ್ಣ ಇಳಿದುಹೋಯಿತು. ನನಗೆ ಎಲ್ಲ ಅರ್ಥವಾಯಿತು.

"ಯಾರ್ರೀ ಇದಕ್ಕೆ ಜವಾಬ್ದಾರಿ? ಯಾರ ತಪ್ಪು ಇದು?" ಅಂತ ಸಾಹೇಬರು ಮೈಕಿನಲ್ಲೇ ಕೇಳಿಬಿಟ್ಟರು.

ನಿಜ ಹೇಳುತ್ತೇನೆ, ಒಂದು ಗಳಿಗೆ ಕಾಯಂ ಆರ್ಡರು, ಉಪ್ಪಿಟ್ಟಿನ ತಟ್ಟೆ, ಮಾಘಮಾಸ ಎಲ್ಲ ಕಣ್ಣ ಮುಂದೆ ಹಾದುಹೋದವು. ಆದರೆ ಮೇಸ್ತ್ರಿಯ ನಿವೃತ್ತಿಗೆ ಮೂರೇ ತಿಂಗಳಿತ್ತು. ಅಷ್ಟು ಹೂವಿನ ಕೆಳಗೆ ಕೂತ ಆ ಮನುಷ್ಯನನ್ನು ಆ ಜನರ ಮುಂದೆ ನಾನು ಹೇಗೆ ತೋರಿಸಿಕೊಡಲಿ? ನಂದು ಸಾರ್, ಫ್ಯೂಸು ತೆಗೆಸಿದವನು ನಾನು, ಹಾಕಿಸೋದು ಮರೆತೆ ಅಂದೆ.

ಮೇಸ್ತ್ರಿ ತಟ್ಟನೆ ಎದ್ದು ಮೈಕ್ ಹಿಡಿದರು. "ಸಾಹೇಬ್ರು ಸುಳ್ಳು ಹೇಳ್ತಾವ್ರೆ. ಫ್ಯೂಸು ನನ್ನ ಜೇಬಿನಾಗೆ ಅವೆ. ತಪ್ಪು ನಂದೇಯ." ಹೂವಿನೊಳಗೆ ಕೈ ಹಾಕಿ ಮೂರು ಫ್ಯೂಸು ತೆಗೆದು ಎತ್ತಿ ತೋರಿಸಿದರು. ಊರವರಿಗೆ ಅದೇನೋ ಪೂಜೆಯ ಸಾಮಾನು ಅನ್ನಿಸಿತೋ ಏನೋ, ಕೆಲವರು ಕೈ ಮುಗಿದರು. ಅಷ್ಟರಲ್ಲಿ ಗುಮಾಸ್ತರು ಮುಂದೆ ಬಂದು, ಕಾರ್ಯಕ್ರಮದ ಪಟ್ಟಿಯಲ್ಲಿ ಫ್ಯೂಸು ಹಾಕುವುದನ್ನು ಬರೆಯದೆ ಬಿಟ್ಟವನು ನಾನು, ತಪ್ಪು ನನ್ನದು ಅಂದರು. ಛೇರ್ಮನ್ನರು ಸುಮ್ಮನಿರುತ್ತಾರೆಯೇ? ಕೆಲಸ ಮಾಡೋ ಮನುಷ್ಯನ್ನ ಎತ್ಕೊಂಡು ಬಂದೋರು ನಾವು, ತಪ್ಪು ನಮ್ಮೂರಿಂದು ಅಂತ ಅವರೂ ಎದ್ದರು. ನಂದು, ಅಲ್ಲ ನಂದು, ನಿಂದೆಲ್ಲೈತೆ ನಂದು, ಅಂತ ವೇದಿಕೆಯ ಮೇಲೆ ದೊಡ್ಡ ಜಗಳವೇ ಹತ್ತಿಕೊಂಡಿತು.

ಸಾಹೇಬರು ನಾಲ್ವರ ಮುಖವನ್ನೂ ಸರದಿಯಂತೆ ನೋಡಿದರು. ಆಮೇಲೆ ಸೋತ ದನಿಯಲ್ಲಿ ಅಂದರು: "ತಪ್ಪು ಎಲ್ಲರೂ ಹಂಚಿಕೊಂಡಿದ್ದಾದ ಮೇಲೆ, ಯಾರಾದರೂ ಒಬ್ಬರು ಹೋಗಿ ಆ ಫ್ಯೂಸು ಹಾಕ್ತೀರಾ?"

ಮೇಸ್ತ್ರಿ ಪೇಟ, ಹಾರದ ಸಮೇತ ಓಡಿದರು. ಸ್ವಿಚ್ಚಿನ ಹಿಡಿ ಮೇಲೆತ್ತಿದ್ದು ಹಾಗೇ ಇತ್ತು, ಅದನ್ನು ಯಾರೂ ಗಮನಿಸಿರಲಿಲ್ಲ. ಮೊದಲ ಫ್ಯೂಸಿಗೆ ಮೇಲಿನ ಕೇರಿ ಬೆಳಗಿತು. ಎರಡನೆಯದಕ್ಕೆ ಗುಡಿ ಬೀದಿ. ಮೂರನೆಯದಕ್ಕೆ ಚಪ್ಪರ. ಜನ ಹುಚ್ಚೆದ್ದು ಕೂಗಿ ಮೇಸ್ತ್ರಿಯನ್ನು ಮತ್ತೆ ಹೆಗಲ ಮೇಲೆ ಹೊತ್ತರು. ದೀಪ ಹೊತ್ತಿಸಲು ದುರ್ಗದಿಂದ ಬಂದ ಸಾಹೇಬರು ಸ್ವಿಚ್ಚಿನ ಪಕ್ಕದಲ್ಲಿ ಒಬ್ಬರೇ ನಿಂತಿದ್ದರು.

ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು, ಹೊಸ ಬೀದಿದೀಪದ ಬೆಳಕಿನಲ್ಲಿ ಅವರು ವರದಿ ಬರೆದರು. ನಾನು ಉಸಿರು ಹಿಡಿದು ನಿಂತಿದ್ದೆ, ಮಾವನವರು ನನ್ನ ಹೆಗಲ ಮೇಲಿಂದ ಇಣುಕುತ್ತಿದ್ದರು. ಸಾಹೇಬರು ಬರೆಯುತ್ತಲೇ, ಇಷ್ಟು ವರ್ಷದ ಸರ್ವೀಸಿನಲ್ಲಿ ಯಾರ ತಪ್ಪು ಅಂತ ಕೇಳಿದಾಗಲೆಲ್ಲ ಬೆರಳುಗಳು ಪಕ್ಕದವನ ಕಡೆಯೇ ಹೋಗೋದು ಕಣ್ರೀ, ಇವತ್ತು ಮೊದಲ ಸಲ ಬೇರೆ ಥರ ಕಂಡೆ ಅಂದರು. ಮಾತನಾಡಿ ಅಂತ ಮಾತ್ರ ಇನ್ನು ಮೇಲೆ ಬರೀಬೇಡಿ ಅಂತಲೂ ಸೇರಿಸಿದರು. ಕಾಯಂ ಮಾಡಬಹುದು ಅಂತ ಬರೆದಿದ್ದನ್ನು ನಾನು ಓದುವ ಮೊದಲೇ ಮಾವನವರು ಗಟ್ಟಿಯಾಗಿ ಓದಿದರು. ನನ್ನ ಕಣ್ಣಲ್ಲಿ ನೀರು ಬಂತು. ಬಂತು ಅಂತ ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಮಾಘದಲ್ಲೇ ಮದುವೆಯಾಯಿತು, ಹೊಸದುರ್ಗದ ಛತ್ರದಲ್ಲಿ, ಬೆಳಿಗ್ಗೆ ಹತ್ತಕ್ಕೆ ಮುಹೂರ್ತ. ಮುಂದಿನ ಸಾಲಿನಲ್ಲಿ ದೊಡ್ಡ ಸಾಹೇಬರು, ಮೇಸ್ತ್ರಿ, ಗುಮಾಸ್ತರು. ವಾಲಗದವರಿಗೆ ಮೈಕು, ಫೋಟೋದವನಿಗೆ ಎರಡು ದೊಡ್ಡ ಲೈಟು, ತಲೆ ಮೇಲೆ ಫ್ಯಾನು. ಪುರೋಹಿತರು ತಾಳಿ ನನ್ನ ಕೈಗೆ ಕೊಟ್ಟು ಗಟ್ಟಿಮೇಳ ಅಂದರು. ಅದೇ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು.

ಮಾವನವರು ಅಡಿಗೆಮನೆ ಕಡೆಯಿಂದ ಓಡಿಬಂದು, ಯಾರ ತಪ್ಪು ಇದು ಅಂತ ಕೂಗಿದರು. ಮುಂದಿನ ಸಾಲಿನ ಮೂವರೂ ಒಟ್ಟಿಗೆ ಎದ್ದು ನಿಂತು, ನಂದಲ್ಲ ಅಂದರು. ಹೌದು ಮತ್ತೆ, ಅದು ಬೇರೆ ತಾಲೂಕು, ಬೇರೆ ಡಿವಿಷನ್ನು. ಛತ್ರ ಗೊಳ್ಳೆಂದಿತು. ನಾನೊಬ್ಬ ಮಾತ್ರ ನಗಲಿಲ್ಲ. ಅಷ್ಟು ಹೊತ್ತಿಗೆ ಅಭ್ಯಾಸಬಲದಿಂದ ಹಸೆಮಣೆ ಬಿಟ್ಟೆದ್ದು, ಕೈಯಲ್ಲಿ ತಾಳಿ ಹಿಡಿದುಕೊಂಡು, ಫ್ಯೂಸು ಪೆಟ್ಟಿಗೆ ಎಲ್ಲಿದೆ ಅಂತ ಕೇಳುತ್ತಾ ಎರಡು ಹೆಜ್ಜೆ ನಡೆದೂ ಆಗಿತ್ತು. ಪುರೋಹಿತರು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಹಿಂದಿನಿಂದ ಯಾರೋ ಶಲ್ಯದ ತುದಿ ಹಿಡಿದು ಜಗ್ಗಿದರು. ತಿರುಗಿದರೆ ಮದುಮಗಳು. ತಲೆ ಎತ್ತದೆ, ನನಗೊಬ್ಬನಿಗೇ ಕೇಳುವ ಹಾಗೆ ಅಂದಳು, ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು:

"ತಾಳಿ ಕಟ್ಟಾಕೂ ಕರೆಂಟ್ ಬೇಕೇನ್ರೀ? ಬಂದು ಕುಂತ್ಕಳ್ರಿ."